ತೋರಾಪನ ಮುಷ್ಟಿ, ಹಾಜಿ ಮುಲ್ಲಾನ ಮಾತು: ‘ನೀಲ್ ದರ್ಪಣ್’ ನಾಟಕದ ಒಂದು ಓದು

ಬ್ರಿಟಿಷರ ಕಾಲದಲ್ಲಿ ಭಾರತದ ರೈತರ ಸ್ಥಿತಿಗತಿ ಹೇಗಿತ್ತು ಅಂತ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಉತ್ತರ ಬಾಯಿಪಾಠವಾಗಿ ಬರುತ್ತದೆ. ಕಂದಾಯದ ಹೊರೆ, ಜಮೀನ್ದಾರರ ಹಾವಳಿ, ಸಾಹುಕಾರರ ಬಡ್ಡಿ, ವಾಣಿಜ್ಯ ಬೆಳೆಗಳ ಬಲವಂತ, ಬರಗಾಲ. ಐದು ಅಂಶ, ಐದು ಅಂಕ. ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಐದು ವಾಕ್ಯಗಳನ್ನು ಮತ್ತೊಮ್ಮೆ ಓದಿ ನೋಡಿ. ಅವುಗಳಲ್ಲಿ ರೈತ ಏನನ್ನೂ ಮಾಡುವುದಿಲ್ಲ, ಎಲ್ಲವೂ ಅವನ ಮೇಲೆ ಆಗುತ್ತದೆ. ಶಾಲೆಯ ವ್ಯಾಕರಣದಲ್ಲಿ ಹೇಳುವುದಾದರೆ ಅವನು ಸದಾ ಕರ್ಮಪದ, ಕರ್ತೃಪದ ಯಾವತ್ತೂ ಬೇರೆಯವರದ್ದು.

ಈ ಅಭ್ಯಾಸವನ್ನು ಪಠ್ಯಪುಸ್ತಕಗಳ ಮೇಲೆ ಮಾತ್ರ ಹೊರಿಸಿ ಸುಮ್ಮನಾಗುವಂತಿಲ್ಲ. ರೈತನ ಬಗ್ಗೆ ಅಪಾರ ಮರುಕವಿದ್ದ, ಅವನಿಗಾಗಿ ಅಪಾಯಕ್ಕೆ ತಲೆಯೊಡ್ಡಿದ ಸಾಹಿತ್ಯವೂ ಇದೇ ವ್ಯಾಕರಣವನ್ನು ನಮಗೆ ಕಲಿಸಿದೆ. ಅದನ್ನು ನೋಡಲು ಬಂಗಾಳದ ದೀನಬಂಧು ಮಿತ್ರ ಬರೆದ ‘ನೀಲ್ ದರ್ಪಣ್’ (1860) ನಾಟಕಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ವಸಾಹತು ಕಾಲದ ರೈತರ ಮೇಲೆ ಬಂದ ಕೃತಿಗಳಲ್ಲಿ ಇಷ್ಟು ಸದ್ದು ಮಾಡಿದ್ದು ಇನ್ನೊಂದು ಇರಲಿಕ್ಕಿಲ್ಲ. ಅದರಲ್ಲಿ ತೋರಾಪ್ ಎಂಬ ಒಬ್ಬ ಮುಸ್ಲಿಂ ರೈತನಿದ್ದಾನೆ. ನಾಟಕದ ಅತ್ಯಂತ ಜೀವಂತ ಪಾತ್ರ ಅವನದು. ನಾಟಕ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದನ್ನು ಅವನ ಮೂಲಕವೇ ನೋಡಬಹುದು.

ಬೆಳೆಯ ಹಿಂದಿನ ಲೆಕ್ಕ

ಮೊದಲು ನೀಲಿ ಬೆಳೆಯ ಕತೆ ಸ್ವಲ್ಪ ತಿಳಿದಿರಬೇಕು. ಯುರೋಪಿನ ಬಟ್ಟೆ ಗಿರಣಿಗಳಿಗೆ ನೀಲಿ ಬಣ್ಣ ಬೇಕಿತ್ತು. ಆ ಬಣ್ಣ ಬರುತ್ತಿದ್ದದ್ದು ನೀಲಿ ಗಿಡದಿಂದ. ಹದಿನೆಂಟನೇ ಶತಮಾನದ ಕೊನೆಯಿಂದ ಬಂಗಾಳದ ಹಳ್ಳಿಗಳಲ್ಲಿ ಬಿಳಿಯ ಸಾಹೇಬರು ಕೋಠಿಗಳನ್ನು ಕಟ್ಟಿ ನೆಲೆಯೂರಿದರು. ಅವರು ತಾವೇ ಬೆಳೆಸುತ್ತಿದ್ದದ್ದು ಸ್ವಲ್ಪ ಭಾಗ ಮಾತ್ರ. ಹೆಚ್ಚಿನ ನೀಲಿಯನ್ನು ರೈತರ ಹೊಲದಲ್ಲಿ, ರೈತರ ಎತ್ತುಗಳಿಂದ, ರೈತರ ದುಡಿಮೆಯಿಂದ ಬೆಳೆಸಿಕೊಳ್ಳುತ್ತಿದ್ದರು.

ಇದರ ಕೀಲಿ ಇದ್ದದ್ದು ಮುಂಗಡದಲ್ಲಿ. ಬಂಗಾಳಿಯಲ್ಲಿ ಅದಕ್ಕೆ ‘ದಾದನ್’ ಎನ್ನುತ್ತಿದ್ದರು. ರೈತ ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಮುಂಗಡ ಹಣ ತೆಗೆದುಕೊಂಡರೆ ತನ್ನ ಜಮೀನಿನ ಕನಿಷ್ಠ ಕಾಲು ಭಾಗದಲ್ಲಿ ನೀಲಿ ಬಿತ್ತಬೇಕು. ಬೀಜ ಕೋಠಿಯದು, ಉಳುಮೆ, ಬಿತ್ತನೆ, ಕಳೆ, ಕೊಯ್ಲು ಎಲ್ಲ ರೈತನದು. ಬೆಳೆ ಕೋಠಿ ಸೇರಿದ ಮೇಲೆ ಅವನ ಕೈಗೆ ಬರುತ್ತಿದ್ದ ಬೆಲೆ ತೀರಾ ಕಡಿಮೆ. ಹಳೆಯ ಬಾಕಿ ತೀರುವ ಮೊದಲೇ ಹೊಸ ಮುಂಗಡ. ಒಮ್ಮೆ ಖಾತೆಯಲ್ಲಿ ಹೆಸರು ಸೇರಿತೆಂದರೆ ಹೊರಬರುವ ದಾರಿ ಇಲ್ಲ. ಅಪ್ಪನ ಬಾಕಿ ಮಗನ ತಲೆಗೆ ಬರುತ್ತಿತ್ತು.

ಇನ್ನೊಂದು ಸಂಕಟ ಮಣ್ಣಿನದು. ಸಾಹೇಬರು ಕೇಳುತ್ತಿದ್ದದ್ದು ಭತ್ತ ಬೆಳೆಯುವ ಅತ್ಯುತ್ತಮ ಭೂಮಿಯನ್ನೇ. ನೀಲಿ ಗಿಡದ ಬೇರು ಆಳಕ್ಕೆ ಇಳಿದು ಮಣ್ಣಿನ ಸಾರ ಹೀರುತ್ತದೆ. ನೀಲಿ ಕೊಯ್ದ ಹೊಲದಲ್ಲಿ ಭತ್ತ ಹಾಕುವ ಹಾಗಿರಲಿಲ್ಲ. ಅಂದರೆ ನೀಲಿಗೆ ಕೊಟ್ಟ ಪ್ರತಿ ಬಿಘೆಯೂ ಮನೆಯ ಅನ್ನದ ಮಡಕೆಯಿಂದ ಕಿತ್ತುಕೊಟ್ಟದ್ದು. ಬೇಡ ಎಂದವರನ್ನು ಕೋಠಿಯ ಲಾಠಿಧಾರಿಗಳು ಎಳೆದೊಯ್ದು ಗೋದಾಮಿನಲ್ಲಿ ಕೂಡಿಹಾಕುತ್ತಿದ್ದರು. ನಾಟಕದಲ್ಲಿ ಬರುವ ಚರ್ಮದ ಚಾಟಿಗೆ ‘ಶ್ಯಾಮಚಂದ್’ ಎಂಬ ಹೆಸರೂ ಇದೆ! ಹೊಡೆಯುವ ವಸ್ತುವಿಗೆ ಮುದ್ದಿನ ಹೆಸರಿಡುವಷ್ಟು ಅದು ದಿನನಿತ್ಯದ ಸಂಗತಿಯಾಗಿತ್ತು.

ಈ ಲೋಕದ ಮಾತುಗಳು ಕನ್ನಡದ ಓದುಗರಿಗೆ ಹೊರಗಿನವು ಅನಿಸುವುದಿಲ್ಲ. ರೈತ, ಜಮೀನು, ಅಮೀನ, ದಿವಾನ, ಬಾಕಿ, ಗುಮಾಸ್ತ. ನಮ್ಮ ತಾಲ್ಲೂಕು ಕಚೇರಿಯ ಕಡತಗಳಲ್ಲೂ ಇವೇ ಪದಗಳು. ಬೆಳೆ ಬೇರೆ ಇರಬಹುದು, ರೈತನ ಹೆಸರಿನ ಮುಂದೆ ಬಾಕಿ ಬರೆಯುವ ಕೈ ಒಂದೇ ಬಗೆಯದು.

ನಾಟಕದಲ್ಲಿ ಏನಾಗುತ್ತದೆ?

ಸ್ವರಪುರ ಎಂಬ ಹಳ್ಳಿ. ಗೋಲೋಕಚಂದ್ರ ಬಸು ಅಲ್ಲಿನ ಅನುಕೂಲಸ್ಥ ಗೃಹಸ್ಥ. ಹಿರಿಯ ಮಗ ನವೀನಮಾಧವ ಊರಿನ ಬಡವರ ಬೆನ್ನಿಗೆ ನಿಲ್ಲುವವನು. ಕಿರಿಯವ ಬಿಂದುಮಾಧವ ಕಲ್ಕತ್ತೆಯಲ್ಲಿ ಓದುತ್ತಿದ್ದಾನೆ. ನೆರೆಯಲ್ಲಿ ಸಾಧುಚರಣ್ ಎಂಬ ರೈತ, ಅವನ ಮಗಳು ಗರ್ಭಿಣಿ ಕ್ಷೇತ್ರಮಣಿ. ಇವರೆಲ್ಲರ ತಲೆಯ ಮೇಲೆ ಕೋಠಿಯ ಇಬ್ಬರು ಸಾಹೇಬರು, ವುಡ್ ಮತ್ತು ರೋಗ್.

ಹಿಂದಿನ ವರ್ಷದ ನೀಲಿಯ ಹಣವೇ ಬಂದಿಲ್ಲ, ಈ ವರ್ಷ ಇನ್ನಷ್ಟು ಬಿತ್ತು ಎಂದು ಕೋಠಿಯ ಒತ್ತಾಯ. ಬಸು ಕುಟುಂಬ ತಕರಾರು ತೆಗೆಯುತ್ತದೆ. ಸೇಡಿಗಾಗಿ ಮುದುಕ ಗೋಲೋಕನ ಮೇಲೆ ಸುಳ್ಳು ಮೊಕದ್ದಮೆ ಹೂಡುತ್ತಾರೆ. ಸಾಕ್ಷಿ ನುಡಿಯಲು ರೈತರನ್ನು ಹಿಡಿದು ಗೋದಾಮಿನಲ್ಲಿ ಕೂಡಿಹಾಕುತ್ತಾರೆ. ತೋರಾಪ್ ನಮಗೆ ಮೊದಲು ಸಿಗುವುದು ಅಲ್ಲಿ. ರೋಗ್ ಸಾಹೇಬ ಕ್ಷೇತ್ರಮಣಿಯನ್ನು ಕೋಠಿಗೆ ತರಿಸಿಕೊಂಡು ಅತ್ಯಾಚಾರಕ್ಕೆ ಮುಂದಾಗುತ್ತಾನೆ. ನವೀನಮಾಧವ ಮತ್ತು ತೋರಾಪ್ ಒಳನುಗ್ಗಿ ಬಿಡಿಸಿ ತರುತ್ತಾರೆ. ಆದರೆ ಸಾಹೇಬನ ಹೊಡೆತ ಅವಳ ಹೊಟ್ಟೆಗೆ ಬಿದ್ದಾಗಿದೆ. ಗೋಲೋಕ ಜೈಲಿನಲ್ಲಿ ನೇಣು ಹಾಕಿಕೊಳ್ಳುತ್ತಾನೆ. ವುಡ್‌ನ ಏಟಿಗೆ ನವೀನಮಾಧವ ಬೀಳುತ್ತಾನೆ, ತೋರಾಪ್ ವುಡ್‌ನ ಮೂಗನ್ನೇ ಕಚ್ಚಿ ಕಿತ್ತುಬಿಡುತ್ತಾನೆ. ಕೊನೆಗೆ ನವೀನ ಸಾಯುತ್ತಾನೆ, ಕ್ಷೇತ್ರಮಣಿ ಸಾಯುತ್ತಾಳೆ. ತಾಯಿ ಸಾವಿತ್ರಿಗೆ ಬುದ್ಧಿಭ್ರಮಣೆಯಾಗಿ ಕಿರಿಯ ಸೊಸೆಯನ್ನೇ ಕೊಂದು, ಅರಿವು ಮರಳಿದಾಗ ತಾನೂ ಪ್ರಾಣ ಬಿಡುತ್ತಾಳೆ. ಪರದೆ ಬೀಳುವಾಗ ಒಂದು ತುಂಬಿದ ಮನೆ ಸ್ಮಶಾನವಾಗಿರುತ್ತದೆ.

ಈ ನಾಟಕ ಗೆದ್ದದ್ದು

ದೀನಬಂಧು ಮಿತ್ರ ಅಂಚೆ ಇಲಾಖೆಯ ನೌಕರ. ಕೆಲಸದ ಮೇಲೆ ಜಿಲ್ಲೆ ಜಿಲ್ಲೆ ತಿರುಗಿ ಹಳ್ಳಿಗಳನ್ನು ಕಣ್ಣಾರೆ ಕಂಡವರು. ಸರ್ಕಾರಿ ಸಂಬಳ ತಿನ್ನುತ್ತಿದ್ದವರು ಸಾಹೇಬರ ವಿರುದ್ಧ ಬರೆಯುವುದು ಹುಡುಗಾಟದ ಮಾತಲ್ಲ. ಹಾಗಾಗಿ ತಮ್ಮ ಹೆಸರು ಹಾಕದೆ ಢಾಕಾದಲ್ಲಿ ಅಚ್ಚು ಹಾಕಿಸಿದರು.

ಮುಂದಿನ ವರ್ಷ ಅದರ ಇಂಗ್ಲಿಷ್ ಅನುವಾದ ಹೊರಬಂತು. ಅನುವಾದಿಸಿದವರು ಕವಿ ಮೈಕೇಲ್ ಮಧುಸೂದನ ದತ್ತ ಎಂಬ ನಂಬಿಕೆ ಇದೆ. ಪ್ರಕಟಿಸಿದ ಪಾದ್ರಿ ಜೇಮ್ಸ್ ಲಾಂಗ್ ಮೇಲೆ ಮಾನಹಾನಿ ಮೊಕದ್ದಮೆ ಬಿತ್ತು. 1861ರ ಜುಲೈನಲ್ಲಿ ಕಲ್ಕತ್ತೆಯ ಸುಪ್ರೀಂ ಕೋರ್ಟು ಅವರಿಗೆ ಒಂದು ತಿಂಗಳ ಜೈಲು, 1000 ರೂಪಾಯಿ ದಂಡ ವಿಧಿಸಿತು. ದಂಡದ ಹಣವನ್ನು ಬರಹಗಾರ ಕಾಳಿಪ್ರಸನ್ನ ಸಿಂಹ ಕಟ್ಟಿದರು. ಒಬ್ಬ ಹಿಂದೂ ಬರೆದು, ಒಬ್ಬ ಪಾದ್ರಿ ಪ್ರಕಟಿಸಿ ಜೈಲಿಗೆ ಹೋಗಿ, ಇನ್ನೊಬ್ಬ ಹಿಂದೂ ದಂಡ ಕಟ್ಟಿದ ಈ ಕೃತಿಯಲ್ಲಿ ಅತಿ ಹೆಚ್ಚು ನೆನಪುಳಿಯುವವನು ಒಬ್ಬ ಮುಸ್ಲಿಂ ರೈತ. ಇವತ್ತಿನ ದಿನಗಳಲ್ಲಿ ಇದನ್ನು ನೆನಪಿಸಿಕೊಳ್ಳಲೇಬೇಕು.

1872ರ ಡಿಸೆಂಬರ್ 7ರಂದು ಕಲ್ಕತ್ತೆಯ ನ್ಯಾಷನಲ್ ಥಿಯೇಟರ್ ಟಿಕೆಟ್ ಇಟ್ಟು ಸಾರ್ವಜನಿಕ ಪ್ರದರ್ಶನ ಶುರು ಮಾಡಿದ್ದು ಇದೇ ನಾಟಕದಿಂದ. ಕೆಲವು ವರ್ಷಗಳ ನಂತರ ಲಖನೌದಲ್ಲಿ ಇನ್ನೊಂದು ತಂಡ ಇದನ್ನು ಆಡಿದಾಗ ನಡೆದ ಘಟನೆಯನ್ನು ನಟಿ ಬಿನೋದಿನಿ ದಾಸಿ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ತೋರಾಪ್ ರೋಗ್ ಸಾಹೇಬನನ್ನು ಹಿಡಿದು ಹೊಡೆಯುವ ದೃಶ್ಯ ಬಂದಾಗ ನೋಡುತ್ತಾ ಕೂತಿದ್ದ ಬಿಳಿಯರು ಎದ್ದು ವೇದಿಕೆಗೆ ನುಗ್ಗಿದರಂತೆ. ಆಟ ಅಲ್ಲಿಗೇ ನಿಂತಿತು. ಗೋಲೋಕನ ಮೇಲೆ ಸುಳ್ಳು ಮೊಕದ್ದಮೆ ಬೀಳುವಾಗ, ಕ್ಷೇತ್ರಮಣಿ ಚೀರುವಾಗ ಅವರು ಎದ್ದಿರಲಿಲ್ಲ. ರೈತ ಅಳುವುದನ್ನು ನೋಡಿ ಕೂರಬಹುದು, ರೈತ ಕೈ ಎತ್ತಿದರೆ ಕೂರಲಾಗದು! ಆ ಪ್ರೇಕ್ಷಕರಿಗೆ ನಾಟಕದ ನಿಜವಾದ ಅಪಾಯ ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿತ್ತು.

ಭಾಷೆಯ ವಿಷಯದಲ್ಲೂ ದೀನಬಂಧು ದೊಡ್ಡ ಕೆಲಸ ಮಾಡಿದರು. ರೈತರು, ಕೆಲಸದ ಹೆಂಗಸರು ತಮ್ಮ ಹಳ್ಳಿಯ ಆಡುಮಾತಿನಲ್ಲೇ ಮಾತಾಡುತ್ತಾರೆ. ಬಸು ಮನೆಯವರ ಬಾಯಲ್ಲಿ ಮಾತ್ರ ಸಂಸ್ಕೃತ ತುಂಬಿದ ಪುಸ್ತಕದ ಬಂಗಾಳಿ, ದುಃಖದಲ್ಲೂ ಸಮಾಸ ಬಿಡದ ಮಾತು. ಹೀಗಾಗಿ ಬಸುಗಳ ಕಣ್ಣೀರು ಕೃತಕವಾಗಿ ಕೇಳುತ್ತದೆ, ತೋರಾಪನ ಬೈಗುಳ ನಿಜವಾಗಿ ಕೇಳುತ್ತದೆ. ಯಾರನ್ನು ನಾಯಕ ಮಾಡಬೇಕೆಂದು ನಾಟಕಕಾರರು ಹೊರಟರೋ ಅವನಿಗಿಂತ, ಅವನ ಹಿಂದೆ ನಿಲ್ಲಿಸಿದವನೇ ಹೆಚ್ಚು ಮನುಷ್ಯನಾಗಿ ಬಂದುಬಿಟ್ಟ.

ತೋರಾಪನಿಗೆ ಕೊಡದೆ ಉಳಿಸಿಕೊಂಡದ್ದು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ತೋರಾಪ್ ಯಾಕೆ ಹೊಡೆಯುತ್ತಾನೆ?

ಗೋದಾಮಿನಲ್ಲಿ ಅವನು ಹೇಳುವ ಮೊದಲ ಮಾತಿನಲ್ಲೇ ಉತ್ತರವಿದೆ. ಕೊಂದರೂ ಸರಿ, ತಾನು ನಮಕ್‌ಹರಾಮಿ ಮಾಡಲಾರೆ ಎನ್ನುತ್ತಾನೆ. ದೊಡ್ಡ ಬಾಬು ನವೀನಮಾಧವನ ಉಪಕಾರ ಅವನ ಮೇಲಿದೆ, ಆ ಮನೆಯ ವಿರುದ್ಧ ಸುಳ್ಳು ಸಾಕ್ಷಿ ಹೇಳಲಾರ. ಈ ನಿಯತ್ತು ಸಣ್ಣದಲ್ಲ, ನಮ್ಮ ಊರುಗಳಲ್ಲೂ ಉಪ್ಪಿನ ಋಣದ ಮಾತು ಎಲ್ಲರಿಗೂ ಗೊತ್ತು. ಆದರೆ ಗಮನಿಸಿ: ನೀಲಿ ಬಿತ್ತಿ ಬಿತ್ತಿ ಹಾಳಾದ ರೈತ ಅವನೂ ಹೌದು. ಅವನಿಗೂ ಹೊಲವಿದೆ, ಬಾಕಿ ಇದೆ, ಹೊಟ್ಟೆ ಇದೆ. ಅವನು ತನಗಾಗಿ ಏಳುವುದಿಲ್ಲ. ಎರಡೂ ಸಲ ಅವನು ಕೈ ಎತ್ತುವುದು ಬಾಬುವಿನ ಬೆನ್ನಿಗೆ ನಿಂತು. ಕ್ಷೇತ್ರಮಣಿಯ ದೃಶ್ಯದಲ್ಲಿ ಅವನ ಸಿಟ್ಟು ಮಿತಿ ಮೀರಿತೆಂದಾಗ ತಡೆಯುವುದೂ ನವೀನಮಾಧವನೇ. ಶಕ್ತಿ ತೋರಾಪನದು, ಯಾವಾಗ ಹೊಡೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಕ ಬಾಬುವಿನದು.

ನಾಟಕದ ದೃಶ್ಯಗಳು ಎಲ್ಲೆಲ್ಲಿ ನಡೆಯುತ್ತವೆ ಎಂದು ಎಣಿಸಿದರೂ ಇದೇ ಕಾಣುತ್ತದೆ. ಬಸುಗಳ ಅಂತಃಪುರ, ಸಾಧುಚರಣನ ಮನೆ, ಕೋಠಿ, ಗೋದಾಮು, ಕಚೇರಿ, ಜೈಲು. ತೋರಾಪನ ಅಂಗಳಕ್ಕೆ ನಮ್ಮನ್ನು ಯಾರೂ ಕರೆದೊಯ್ಯುವುದಿಲ್ಲ. ಅವನು ಕೋಠಿಯಲ್ಲಿ ಸಿಗುತ್ತಾನೆ, ಜಗಳದಲ್ಲಿ ಸಿಗುತ್ತಾನೆ, ಕೆಲಸ ಮುಗಿದ ಮೇಲೆ ಕತ್ತಲೆಗೆ ಮರಳುತ್ತಾನೆ.

ಇತಿಹಾಸಕಾರ ರಣಜಿತ್ ಗುಹಾ 1974ರ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಈ ನಾಟಕವನ್ನು ಉದಾರವಾದಿ ಮಧ್ಯಮವರ್ಗದ ಕನ್ನಡಿ ಎಂದು ಓದಿದರು. ರೈತ ದಂಗೆಯ ಬಿಂಬ ಅದರಲ್ಲಿ ಬಿದ್ದಿದೆ, ಆದರೆ ಕನ್ನಡಿ ಹಿಡಿದವರ ಆಸೆ, ಭಯಗಳಿಗೆ ತಕ್ಕ ಹಾಗೆ ಬಿದ್ದಿದೆ ಎಂಬುದು ಅವರ ವಾದ. ನಾಟಕದ ಮುನ್ನುಡಿ ನೋಡಿದರೆ ಇದು ಇನ್ನೂ ಸ್ಪಷ್ಟ. ವಿಕ್ಟೋರಿಯಾ ರಾಣಿಯ ತಾಯ್ತನದ ಮೇಲೆ, ಒಳ್ಳೆಯ ಅಧಿಕಾರಿಗಳ ನ್ಯಾಯಬುದ್ಧಿಯ ಮೇಲೆ ಅದು ಭರವಸೆ ಇಡುತ್ತದೆ. ಕೆಟ್ಟವರು ಪ್ಲಾಂಟರುಗಳು, ಸಾಮ್ರಾಜ್ಯ ಒಳ್ಳೆಯದೇ ಎಂಬ ಭಾವ. ನೀಲಿಯ ಲಾಭ ಯಾವ ಬಂದರು ದಾಟಿ ಎಲ್ಲಿಗೆ ಹೋಗುತ್ತಿತ್ತು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಗುಹಾ ಅವರ ವಾದಕ್ಕೆ ನಾನು ಸೇರಿಸಬಯಸುವುದು ಇಷ್ಟೇ. ನಾಟಕ ಬರೆಯುವ ಹೊತ್ತಿಗೆ ರೈತರು ಸಾಯುತ್ತಾ ಕೂತಿರಲಿಲ್ಲ, ಹೊಲದಲ್ಲಿ ಎದ್ದು ನಿಂತಾಗಿತ್ತು. 1859ರಲ್ಲೇ ನಾದಿಯಾ, ಜೆಸ್ಸೋರ್ ಕಡೆ ಸಾವಿರಾರು ರೈತರು ನೀಲಿ ಬಿತ್ತುವುದಿಲ್ಲ ಎಂದು ಬೀಜವನ್ನೇ ನಿರಾಕರಿಸಿದರು. ಚೌಗಾಛಾದ ದಿಗಂಬರ್ ವಿಶ್ವಾಸ್, ವಿಷ್ಣುಚರಣ್ ವಿಶ್ವಾಸ್ ಅಂಥವರು ಮುಂದೆ ನಿಂತರು. ಹಿಂದೂ, ಮುಸ್ಲಿಂ ರೈತರು ಒಂದಾಗಿ ಈಟಿ, ಬಿಲ್ಲು ಹಿಡಿದು ಕೋಠಿಯವರನ್ನು ಎದುರಿಸಿದರು. ಕೋಠಿಗೆ ದುಡಿಯುವವರಿಗೆ ಊರಲ್ಲಿ ಬಹಿಷ್ಕಾರ ಬಿತ್ತು. ಹೆಂಗಸರು ಅಡುಗೆಮನೆಯ ಪಾತ್ರೆ ಪಗಡಗಳನ್ನೇ ಹಿಡಿದು ಕಾದಾಡಿದರು. ಅದೇ ವರ್ಷಗಳ ನಾಟಕದಲ್ಲಿ ಹೆಂಗಸರು ಏನು ಮಾಡುತ್ತಾರೆ? ಒಬ್ಬಳು ಮಾನ ಉಳಿಸಿಕೊಂಡು ಸಾಯುತ್ತಾಳೆ, ಒಬ್ಬಳಿಗೆ ಹುಚ್ಚು ಹಿಡಿಯುತ್ತದೆ, ಒಬ್ಬಳು ಆ ಹುಚ್ಚಿಗೆ ಬಲಿಯಾಗುತ್ತಾಳೆ.

ಹೊಲದಲ್ಲಿ ನಡೆದದ್ದು ನಿರಾಕರಣೆ. ವೇದಿಕೆಗೆ ಬಂದದ್ದು ಗೋಳು.

ಆಯೋಗದ ಮುಂದೆ ಒಬ್ಬ ರೈತ

ನಾಟಕದಲ್ಲಿ ಸಿಗದ ಆ ನಿರಾಕರಣೆಯ ದನಿ ಕೇಳಬೇಕೆಂದರೆ ವಿಚಿತ್ರವೆಂದರೆ ಸರ್ಕಾರಿ ಕಡತಕ್ಕೇ ಹೋಗಬೇಕು. ದಂಗೆಗೆ ಹೆದರಿದ ಸರ್ಕಾರ 1860ರಲ್ಲಿ ಒಂದು ಕಾಯ್ದೆ ತಂದು, ಕರಾರು ಮುರಿದ ರೈತರಿಗೆ ತಾತ್ಕಾಲಿಕವಾಗಿ ಶಿಕ್ಷೆಯ ಭಯ ಹಾಕಿತು. ಅದರ ಜೊತೆಗೇ ನೀಲಿ ಆಯೋಗವನ್ನೂ ನೇಮಿಸಿತು. ಅಧ್ಯಕ್ಷ ಸೀಟನ್ ಕಾರ್. ಐವರು ಸದಸ್ಯರಲ್ಲಿ ಸರ್ಕಾರದವರಿದ್ದರು, ಪ್ಲಾಂಟರುಗಳ ಪರವಾಗಿ ಒಬ್ಬರು, ಮಿಷನರಿ ಒಬ್ಬರು, ಜಮೀನ್ದಾರರ ಸಂಘದ ಕಡೆಯಿಂದ ಒಬ್ಬರು. ರೈತರ ಕಡೆಯಿಂದ ಯಾರೂ ಇಲ್ಲ. ಆದರೆ ಸಾಕ್ಷಿ ಹೇಳಿದ 134 ಮಂದಿಯಲ್ಲಿ 77 ಮಂದಿ ರೈತರು.

ಅವರಲ್ಲಿ ಒಬ್ಬ ಹಾಜಿ ಮುಲ್ಲಾ. ಹರ್ದಿ ಠಾಣೆಯ ಚಾಂದಪುರದ ನೀಲಿ ಬೆಳೆಗಾರ. 1860ರ ಜೂನ್ 5ರಂದು ಅವನನ್ನು ಆಯೋಗ ಪ್ರಶ್ನಿಸಿತು. ಈಗ ನೀಲಿ ಬಿತ್ತಲು ಸಿದ್ಧನಿದ್ದೀಯಾ, ಇಲ್ಲದಿದ್ದರೆ ಯಾವ ಹೊಸ ಷರತ್ತಿನ ಮೇಲೆ ಬಿತ್ತುವೆ ಎಂದು ಕೇಳಿದರು. ಬಿತ್ತಲಾರೆ, ಯಾವ ಹೊಸ ಷರತ್ತೂ ತನಗೆ ಸಮಾಧಾನ ತರುವಂತೆ ಕಾಣುವುದಿಲ್ಲ ಎಂದ. ಒಂದು ಕಟ್ಟಿಗೆ ಒಂದು ರೂಪಾಯಿ ಕೊಟ್ಟರೂ ಬೇಡವೇ ಎಂದರು. ಬೇಡ ಎಂದ. ನೀಲಿ ಬಿತ್ತುವ ಬದಲು ಬೇರೆ ಸೀಮೆಗೆ ಹೋಗುತ್ತೇನೆ, ಬೇಕಾದರೆ ಭಿಕ್ಷೆ ಬೇಡಿ ಬದುಕುತ್ತೇನೆ ಎಂಬುದು ಅವನ ಉತ್ತರದ ಸಾರ.

ಈ ಉತ್ತರವನ್ನು ಬಡವನ ಹತಾಶೆ ಎಂದು ಓದಿದರೆ ತಪ್ಪಾಗುತ್ತದೆ. ಪ್ರಶ್ನೆ ಕೇಳಿದವರು ಇದನ್ನು ರೇಟಿನ ತಕರಾರು ಅಂದುಕೊಂಡಿದ್ದರು. ಬೆಲೆ ಹೆಚ್ಚಿಸಿದರೆ ರೈತ ಒಪ್ಪುತ್ತಾನೆ, ವ್ಯವಹಾರ ಮುಂದುವರಿಯುತ್ತದೆ ಎಂಬ ಎಣಿಕೆ. ಹಾಜಿ ಮುಲ್ಲಾ ಆ ಎಣಿಕೆಯ ಒಳಗೇ ಬರಲಿಲ್ಲ. ಕೋಠಿಯ ಕೈಯಲ್ಲಿ ಅಳತೆಯ ಸರಪಳಿ ಇರುವಾಗ, ಖಾತೆ ಪುಸ್ತಕ ಅವರ ಬಳಿ ಇರುವಾಗ, ಚಾಟಿಯೂ ಅವರದೇ ಆಗಿರುವಾಗ ಕಟ್ಟಿಗೆ ಒಂದು ರೂಪಾಯಿ ಎಂಬ ಮಾತಿಗೆ ಏನು ಬೆಲೆ? ತಲೆಮಾರುಗಳ ಅನುಭವದಿಂದ ಲೆಕ್ಕ ಹಾಕಿದವನ ಉತ್ತರ ಇದು. ಅವನ ಹಿಂದೆ ಯಾವ ಬಾಬುವೂ ನಿಂತಿಲ್ಲ, ಯಾರ ಉಪ್ಪಿನ ಋಣವನ್ನೂ ಅವನು ತೀರಿಸುತ್ತಿಲ್ಲ. ತನ್ನ ಹೊಲದ ಬಗ್ಗೆ ತಾನೇ ಮಾತಾಡುತ್ತಿದ್ದಾನೆ.

ಅವನ ಬಂಗಾಳಿ ಮಾತು ಇಂಗ್ಲಿಷಿಗೆ ತರ್ಜುಮೆಯಾಗಿ ಕಡತ ಸೇರಿತು, ಎಷ್ಟೋ ಸೋರಿಯೂ ಹೋಗಿರಬೇಕು. ಆದರೂ ಆ ನಾಲ್ಕು ಸಾಲಿನಲ್ಲಿ ಕರ್ತೃಪದ ರೈತನದು. ಪ್ಲಾಂಟರುಗಳು ಬಲವಂತ ಮಾಡಿದ್ದು ನಿಜ, ನೀಲಿ ರೈತನಿಗೆ ಲಾಭದ ಬೆಳೆಯಲ್ಲ ಎಂದು ಆಯೋಗ ಕೊನೆಗೆ ಒಪ್ಪಿಕೊಂಡಿತು. ಇದ್ದ ಕರಾರು ಪೂರೈಸಿ, ಮುಂದೆ ಬೇಡ ಎನ್ನುವ ಹಕ್ಕು ರೈತನಿಗಿದೆ ಎಂದಿತು. ಬಂಗಾಳದಲ್ಲಿ ನೀಲಿ ಕುಸಿಯಿತು. ಹಾಗೆ ಕುಸಿಯಲು ಕಾರಣ ನಾಟಕದ ಕಣ್ಣೀರಿಗಿಂತ ಹೆಚ್ಚಾಗಿ ಹಾಜಿ ಮುಲ್ಲಾನಂಥ ಸಾವಿರಾರು ಜನರ ‘ಬೇಡ’.

‘ರೈತ’ ಎಂಬ ಪದ

ರೈತ ಎಂಬ ನಮ್ಮ ಪದ ಅರಬಿಯ ‘ರಇಯ್ಯತ್’ನಿಂದ ಫಾರ್ಸಿಯ ಮೂಲಕ ಬಂದದ್ದು. ಮೂಲದಲ್ಲಿ ಅದರ ಅರ್ಥ ಕಾಯಬೇಕಾದ ಹಿಂಡು, ಆಮೇಲೆ ಆಳುವವನ ಕಾವಲಿನಲ್ಲಿರುವ ಪ್ರಜೆ. ನೀವೆಲ್ಲರೂ ಕಾಯುವವರು, ನಿಮ್ಮ ಕಾವಲಿನಲ್ಲಿ ಇರುವವರ ಬಗ್ಗೆ ನಿಮ್ಮನ್ನು ಕೇಳಲಾಗುವುದು ಎಂಬ ಅರ್ಥದ ಪ್ರವಾದಿಯವರ (ಸ) ವಚನ ನಮಗೆಲ್ಲ ಗೊತ್ತು. ಅಲ್ಲಿ ಬರುವುದೂ ಇದೇ ಪದ. ಆ ವಚನ ಹೊಣೆ ಹೊರಿಸುವುದು ಕಾಯುವವನ ಮೇಲೆ, ಅದರಲ್ಲೂ ಆಳುವವನ ಮೇಲೆ. ಕಾಯುವವನೇ ಕಟುಕನಾದರೆ ಹಿಂಡು ಸುಮ್ಮನಿರಬೇಕು ಎಂದು ಅದು ಹೇಳುವುದಿಲ್ಲ.

‘ನೀಲ್ ದರ್ಪಣ್’ನ ಮುನ್ನುಡಿ ರೈತನನ್ನು ಹಿಂಡಾಗಿಯೇ ಕಾಣುತ್ತದೆ. ತಾಯಿ ರಾಣಿ ಬಂದು ಕಾಪಾಡಬೇಕು. ಬಂಗಾಳದ ಮುಸ್ಲಿಂ ರೈತರ ನಡುವೆ ಅಷ್ಟರಲ್ಲಾಗಲೇ ಬೇರೆ ಮಾತು ಹುಟ್ಟಿತ್ತು. ಹಾಜಿ ಶರೀಅತುಲ್ಲಾ ಶುರು ಮಾಡಿದ ಫರಾಯಿಝಿ ಚಳವಳಿಯನ್ನು ಅವರ ಮಗ ದುದು ಮಿಯಾನ್ ಹಳ್ಳಿ ಹಳ್ಳಿಗೆ ಒಯ್ದು ಸಂಘಟಿಸಿದರು. ಭೂಮಿ ಅಲ್ಲಾಹನದು, ಅದನ್ನು ವಂಶಪಾರಂಪರ್ಯವಾಗಿ ಆಕ್ರಮಿಸಿ ತೆರಿಗೆ ಹಾಕುವ ಹಕ್ಕು ಯಾರಿಗೂ ಇಲ್ಲ ಎಂಬುದು ಅವರ ನಿಲುವು. 1846ರಲ್ಲಿ ಡನ್‌ಲಪ್ ಎಂಬ ಪ್ಲಾಂಟರನ ಕೋಠಿಯ ಮೇಲೆ ಅವರ ಅನುಯಾಯಿಗಳು ದಾಳಿ ಮಾಡಿದರು. 1857ರ ದಂಗೆಯ ಹೊತ್ತಿನಲ್ಲಿ ಸರ್ಕಾರ ದುದು ಮಿಯಾನ್ ಅವರನ್ನು ಹಿಡಿದು ಜೈಲಿನಲ್ಲಿಟ್ಟಿತ್ತು.

ಸರ್ಕಾರಿ ಬರಹಗಳು ಇದನ್ನೆಲ್ಲ ಮತಾಂಧರ ಗಲಭೆ ಎಂದು ಕರೆದವು. ಹೀಗೆ ಮುಸ್ಲಿಂ ರೈತನಿಗೆ ಸಿಕ್ಕಿದ್ದು ಎರಡೇ ಪಾತ್ರ. ಕಡತದಲ್ಲಿ ಮತಾಂಧ, ನಾಟಕದಲ್ಲಿ ನಿಯತ್ತಿನ ಬಂಟ. ಬಾಡಿಗೆ, ಬಾಕಿ, ಬೀಜ, ಮಣ್ಣು ಎಲ್ಲವನ್ನೂ ತೂಗಿ ನೋಡಿ ತೀರ್ಮಾನಿಸುವ ಸಾಮಾನ್ಯ ಕೃಷಿಕನಾಗಿ ಅವನನ್ನು ಕಾಣಲು ಎರಡೂ ಕಡೆಯವರಿಗೆ ಆಗಲಿಲ್ಲ. ಇಲ್ಲಿ ನಾವೂ ಒಂದು ಎಚ್ಚರ ಇಟ್ಟುಕೊಳ್ಳಬೇಕು. ದುದು ಮಿಯಾನ್ ನಮ್ಮವರು ಎಂದು ಎದೆ ತಟ್ಟಿಕೊಳ್ಳುವುದಕ್ಕೆ ಈ ಚರಿತ್ರೆಯನ್ನು ಬಳಸಿದರೆ, ಪಕ್ಕದ ಹೊಲದ ಬಿಸ್ವಾಸರನ್ನೂ ಸಾಧುಚರಣರನ್ನೂ ಮರೆತರೆ, ನಾವೂ ಇನ್ನೊಂದು ಕೋನದಿಂದ ಅದೇ ಅರ್ಧ ಕನ್ನಡಿ ಹಿಡಿದಂತೆ.

ಕನ್ನಡಕ್ಕೆ ಬಂದರೆ

ನೀಲಿಯ ಕತೆ ಬಂಗಾಳದಲ್ಲಿ ಮುಗಿದು ಬಿಹಾರದಲ್ಲಿ ಮುಂದುವರಿಯಿತು. 1917ರ ಚಂಪಾರಣ್ ಎಂದರೆ ನಮಗೆ ಗಾಂಧೀಜಿ ನೆನಪಾಗುತ್ತಾರೆ. ಸರಿಯೇ. ಆದರೆ ಅವರು ಬರುವುದಕ್ಕೆ ಹತ್ತು ವರ್ಷ ಮೊದಲೇ ಅಲ್ಲಿ ಶೇಖ್ ಗುಲಾಬ್, ಶೀತಲ್ ರಾಯ್ ಜೊತೆಯಾಗಿ ರೈತರನ್ನು ಸಂಘಟಿಸಿದ್ದರು. ಪೀರ್ ಮುಹಮ್ಮದ್ ಮೂನಿಸ್ ಎಂಬ ಬೆಟ್ಟಿಯಾದ ಶಿಕ್ಷಕ ಕಾನಪುರದ ‘ಪ್ರತಾಪ್’ ಪತ್ರಿಕೆಗೆ ರೈತರ ಸ್ಥಿತಿಯನ್ನು ಬರೆದು ಕೆಲಸ ಕಳೆದುಕೊಂಡರು. ಗಾಂಧೀಜಿಯನ್ನು ಕರೆತರಲೇಬೇಕೆಂದು ಬೆನ್ನು ಬಿಡದೆ ಹೋದವರು ರಾಜಕುಮಾರ್ ಶುಕ್ಲಾ ಎಂಬ ರೈತ. ಅಂದರೆ ಅಲ್ಲೂ ನಾಯಕ ಬರುವ ಮೊದಲೇ ತೀರ್ಮಾನ ಆಗಿತ್ತು.

ಕನ್ನಡದಲ್ಲಿ ಈ ಬಗೆಯ ತೀರ್ಮಾನವನ್ನು ಕಾದಂಬರಿಯಾಗಿಸಿದ್ದು ನಿರಂಜನರ ‘ಚಿರಸ್ಮರಣೆ’ (1955). ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನ ರೈತ ಹೋರಾಟ ಅದರ ವಸ್ತು. ಆ ಹೋರಾಟದ ಮೊಕದ್ದಮೆಯಲ್ಲಿ 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿದ ನಾಲ್ವರಲ್ಲಿ ಅಬೂಬಕರ್ ಒಬ್ಬರು. ಅಪ್ಪು, ಚಿರುಕಂಡ, ಕುಂಞಂಬು, ಅಬೂಬಕರ್. ನಾಲ್ವರೂ ತಮ್ಮ ಹೆಸರಿನಲ್ಲೇ ಹೋದರು, ಯಾರ ಬಂಟರಾಗಿಯೂ ಹೋಗಲಿಲ್ಲ. ಕಾದಂಬರಿಯಲ್ಲಿ ಹೊರಗಿನಿಂದ ಅರಿವು ತರುವ ಮಾಸ್ತರೊಬ್ಬರು ಇದ್ದಾರೆ ನಿಜ. ಆದರೆ ಅಲ್ಲಿ ರೈತರು ಓದುತ್ತಾರೆ, ಕೂತು ಚರ್ಚಿಸುತ್ತಾರೆ, ಸಂಘ ಕಟ್ಟುತ್ತಾರೆ. ಮರುಕಕ್ಕಿಂತ ಹೆಚ್ಚಿನದನ್ನು ಓದುಗರಿಂದ ಕೇಳುತ್ತಾರೆ. ‘ನೀಲ್ ದರ್ಪಣ್’ನಿಂದ ‘ಚಿರಸ್ಮರಣೆ’ಗೆ ಬರುವಷ್ಟರಲ್ಲಿ ಭಾರತೀಯ ಸಾಹಿತ್ಯ ನಡೆದ ದೂರ ಇದು.

ತೋರಾಪ್ ಮಾತ್ರ ಇನ್ನೂ ಕತೆ, ಸಿನಿಮಾಗಳಲ್ಲಿ ಅಲೆಯುತ್ತಿದ್ದಾನೆ. ಬಲವಾದ ಮೈ, ಒಳ್ಳೆಯ ಮನಸ್ಸು, ತಪ್ಪುತಪ್ಪು ಕನ್ನಡ, ಗೌಡರ ಮನೆಗಾಗಿ ಪ್ರಾಣ ಕೊಡುವ ಸಾಬಿ. ಅವನನ್ನು ಕೆಟ್ಟವನನ್ನಾಗಿ ತೋರಿಸಿಲ್ಲವಲ್ಲ ಎಂದು ನಾವೂ ಖುಷಿಪಟ್ಟಿದ್ದೇವೆ. ಬೊಳುವಾರು, ಕಟ್ಪಾಡಿ, ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಬರೆದ ಮೇಲೆ ಮನೆಯ ಒಳಗಿನ ಅಂಗಳ, ಅಡುಗೆಮನೆ, ಜಗಳ, ಲೆಕ್ಕಾಚಾರಗಳು ಕನ್ನಡಕ್ಕೆ ಸಿಕ್ಕವು. ಆದರೆ ಹೊಲ ಇನ್ನೂ ಅಷ್ಟಾಗಿ ಸಿಕ್ಕಿಲ್ಲ. ಉತ್ತರ ಕರ್ನಾಟಕದ, ಹೈದರಾಬಾದ್ ಸೀಮೆಯ ಮುಸ್ಲಿಂ ಒಕ್ಕಲು ಮನೆತನಗಳ ಕಂದಾಯ, ಬಾಕಿ, ಬರಗಾಲದ ನೆನಪುಗಳು ಅಜ್ಜಂದಿರ ಜೊತೆ ಹೋಗುತ್ತಿವೆ. ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಬಂದ ನಮ್ಮ ಎಷ್ಟೋ ಕುಟುಂಬಗಳ ಹಿಂದೆ ಕೈಬಿಟ್ಟುಹೋದ ಒಂದು ತುಂಡು ಜಮೀನಿನ ಕತೆ ಇದ್ದೇ ಇರುತ್ತದೆ.

‘ನೀಲ್ ದರ್ಪಣ್’ ಓದಬೇಡಿ ಎಂದು ನಾನು ಹೇಳುತ್ತಿಲ್ಲ. ಓದಲೇಬೇಕಾದ ನಾಟಕ ಅದು. ಆದರೆ ಅದನ್ನು ಮುಗಿಸಿದ ಮೇಲೆ ಹಾಜಿ ಮುಲ್ಲಾನ ಸಾಕ್ಷ್ಯವನ್ನೂ ಪಕ್ಕದಲ್ಲಿಟ್ಟು ಓದಿ. ವಿದ್ಯಾರ್ಥಿಗಳು ಆ ಐದು ಅಂಶಗಳ ಉತ್ತರಕ್ಕೆ ಆರನೆಯದೊಂದನ್ನು ಸೇರಿಸಿ: ರೈತ ಬಿತ್ತಲು ನಿರಾಕರಿಸಿದ. ಬರೆಯುವ ಕೈ ಇರುವವರು ಮನೆಗೆ ಹೋಗಿ ಹಿರಿಯರನ್ನು ಕೇಳಿ, ನಮ್ಮ ಜಮೀನು ಎಲ್ಲಿತ್ತು, ಏನು ಬೆಳೆಯುತ್ತಿದ್ದರು, ಹೇಗೆ ಹೋಯಿತು, ಯಾರು ಯಾವಾಗ ‘ಆಗಲ್ಲ’ ಎಂದರು ಅಂತ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ.